ಮಣ್ಣೂರಿನಲ್ಲಿ ಒಲೆ ಹಚ್ಚದ ಐತವಾರ

ಸುಧೀರ ಪಾದ್ರಿಯ ಸುದ್ದಿ ನಿಂಬೆವ್ವನ ಕಿವಿಗೆ ಮೊದಲು ಬಿದ್ದದ್ದು ಅವಳು ತನ್ನ ಆಡಿನೊಂದಿಗೆ ಜಗಳಕ್ಕೆ ನಿಂತಿದ್ದ ದಿನ. ಕರಿ ಎಂಬ ಆ ಆಡು ಚರ್ಚಿನ ಮುಂದಿನ ಕಂಬಕ್ಕೆ ಹಗ್ಗ ಸುತ್ತಿಕೊಂಡು ಸುತ್ತಿಕೊಂಡು, ಇನ್ನು ಸುತ್ತಲು ಹಗ್ಗವಿಲ್ಲದೆ ಕಂಬಕ್ಕೆ ಹಣೆ ಹಚ್ಚಿ ನಿಂತು, ಇದೆಲ್ಲ ನಿನ್ನ ಕರಾಮತ್ತು ಎಂಬ ಹಾಗೆ ಒಡತಿಯನ್ನು ನೋಡುತ್ತಿತ್ತು. ಅದೇ ಹೊತ್ತಿಗೆ ಅಫಜಲಪುರದಿಂದ ಮಂದಿ ಹೇರುವ ಗುಡುಸಾಬನ ಟಂಟಂ ಆಟೋ ಬಂದು ನಿಂತಿತು. ಅದರ ನೆತ್ತಿಯ ಮೇಲೆ ಒಂದು ಹಳೆಯ ಸ್ಕೂಟರ್ ಕೈಕಾಲು ಕಟ್ಟಿಸಿಕೊಂಡು ಮಲಗಿತ್ತು.

ಸ್ಕೂಟರ್ ಯಾರದು ಎಂದು ಕೇಳಿದ್ದಕ್ಕೆ ಗುಡುಸಾಬ ಕತೆಯನ್ನೇ ಬಿಚ್ಚಿದ. ಗಂಟಿ ಗುಡಿಗೆ ಹೊಸ ಪಾದ್ರಿ ಬಂದಿದ್ದಾನೆ. ಹಾದಿಯುದ್ದಕ್ಕೂ ತನ್ನ ಪಕ್ಕದಲ್ಲೇ ಕೂತು, ಹತ್ತಿದವರನ್ನೆಲ್ಲ ನೀವು ಆನಂದವಾಗಿದ್ದೀರಾ ಎಂದು ಕೇಳುತ್ತ ಬಂದ. ಕಬ್ಬಿನ ಲೋಡಿನ ಹಿಂದೆ ಸಿಕ್ಕಿ ಧೂಳು ನುಂಗುತ್ತಿದ್ದವರನ್ನೂ ಬಿಡಲಿಲ್ಲ. ತನ್ನನ್ನು ಕೇಳಿದಾಗ, ಡೀಜೆಲ್ ಇರುವ ತನಕ ಇರುತ್ತದೆ ಎಂದು ಗುಡುಸಾಬ ಹೇಳಿದನಂತೆ. ಈಗ ಆ ಪಾದ್ರಿ ಊರಬಾಗಿಲ ಅಗಸಿಯ ಹತ್ತಿರ ಇಳಿದು ಕಟ್ಟೆಯ ಮೇಲೆ ಕೂತ ಮುದುಕರ ಆನಂದ ವಿಚಾರಿಸುತ್ತಿದ್ದಾನೆ.

"ಒಂದು ಗಿಡಾನೂ ತಂದಾನ ಆಯಿ," ಎಂದು ಗುಡುಸಾಬ ಒಂದು ಉದ್ದನೆಯ ಸುರುಳಿ ಇಳಿಸಿದ. "ಒಳಗ ಅದ ಅಂತ."

ಸುರುಳಿಯಲ್ಲಿ ಬಂದ ಸಸಿ ಒಣಗಿರಬೇಕೆಂದು ನಿಂಬೆವ್ವ ಒಂದು ಕೊಡ ನೀರು ತಂದಿಟ್ಟಳು. ಪಾದ್ರಿ ಬಂದ. ಉದ್ದಕ್ಕೆ ಜೋಳದ ದಂಟಿನ ಹಾಗೆ ಇದ್ದ, ಗಾಳಿ ಬೀಸಿದರೆ ಹಾಗೆಯೇ ವಾಲುತ್ತಿದ್ದ. ಸುರುಳಿ ಬಿಚ್ಚಿದರೆ ಅದು ಬಟ್ಟೆ, ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದ ಒಂದು ಆಲದ ಮರ. ನಿಂಬೆವ್ವ ಕೊಡದ ನೀರನ್ನು ಆಡಿಗೆ ಇಟ್ಟಳು. ಪಾದ್ರಿ ಅವಳನ್ನು ನೋಡಿದ, ಆಡನ್ನು ನೋಡಿದ, ಕಂಬವನ್ನು ನೋಡಿದ. ಊರಿಗೆಲ್ಲ ಆನಂದ ಕೇಳಿದವನು ಅವಳಿಗೆ ಆಡಿದ ಮೊದಲ ಮಾತು ಇದು:

"ಆಯಿ, ಈ ಆಡು ಸ್ವಲ್ಪ ಬಿಚ್ಚತೀರೇನ್ರಿ?"

ಬಿಚ್ಚಿದಳು. ಅವನು ಒಳಗೆ ಹೋದ ಮೇಲೆ ಮತ್ತೆ ಕಟ್ಟಿದಳು. ಅಂದಿನಿಂದ ಇಬ್ಬರ ಪರಿಚಯ ಹೀಗೆಯೇ ಬೆಳೆಯಿತು. ಅವನು ಬಿಚ್ಚಿರಿ ಎನ್ನುವುದು, ಅವಳು ಹೂಂ ಎನ್ನುವುದು, ಆಡು ಅಲ್ಲೇ ಇರುವುದು.

ಮಣ್ಣೂರಿನವರು ಆ ಕಟ್ಟಡವನ್ನು ಚರ್ಚು ಎನ್ನುವುದು ಕಡಿಮೆ. ಗಂಟಿ ಗುಡಿ ಎಂದೇ ವಾಡಿಕೆ. ನಿಂಬೆವ್ವನ ಮನೆಗೂ ಅದಕ್ಕೂ ನಡುವೆ ಒಂದೇ ಗೋಡೆ. ಯಾರು ಯಾರ ಗೋಡೆಗೆ ಒರಗಿದ್ದಾರೆ ಎಂಬುದು ಕಟ್ಟಿದ ಗೌಂಡಿಗೂ ಗೊತ್ತಿರಲಿಲ್ಲ. ಅಲ್ಲಿಗೆ ಬರುವುದು ನಾಲ್ಕೇ ಮನೆಯವರು. ಅವರಲ್ಲಿ ಹಿರಿಯನಾದ ದಶರಥ ಬೆಳಿಗ್ಗೆ ಸಂಜೆ ಗಂಟೆ ಹೊಡೆಯುತ್ತಿದ್ದ. ನಿಂಬೆವ್ವ ಲಗ್ನವಾಗಿ ಬಂದಂದಿನಿಂದ ಅದೇ ಗಂಟೆಗೆ ಎದ್ದವಳು, ಅದೇ ಗಂಟೆಗೆ ಹಿಟ್ಟು ನಾದಿದವಳು. ಗಂಡ ತೀರಿಕೊಂಡ ಮೇಲೆ ಅದೇ ಗಂಟೆಗೆ ಬಿ.ಪಿ. ಗುಳಿಗೆ ನುಂಗುತ್ತಿದ್ದಳು. ದಶರಥನ ಮೊಣಕಾಲು ನೋವು ಹೆಚ್ಚಾಗಿ ಗಂಟೆ ತಡವಾದ ದಿನ ಅವಳ ಬಿ.ಪಿ. ಕೂಡ ತಡವಾಗಿಯೇ ಇಳಿಯುತ್ತಿತ್ತು. ತಾನು ಆ ಗುಡಿಯವಳಲ್ಲ ಎಂಬುದು ಅವಳಿಗೆ ಗೊತ್ತು. ಆದರೆ ಗಂಟೆಗೆ ಅದು ಗೊತ್ತಿರಲಿಲ್ಲ.

ಸುಧೀರ ಪಾದ್ರಿ ಆಳಂದದ ಕಡೆಯವನು. ಹುಟ್ಟಿದ ವರ್ಷವೇ ತಾಯಿ ಹೋದಳು. ತಂದೆ ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯುವ ಮಂದಿಯ ಹಿಂದೆ ಹೊಲದಿಂದ ಹೊಲಕ್ಕೆ ತಿರುಗಿದ. ಹುಡುಗ ಹಾಸ್ಟೆಲಿನಲ್ಲಿ ಬೆಳೆದ. ಅಲ್ಲಿ ಗಂಟೆ ಹೊಡೆದರೆ ಊಟ, ಹೊಡೆಯದಿದ್ದರೆ ಇಲ್ಲ. ಹೀಗಾಗಿ ಪಾದ್ರಿಯಾದ ಮೇಲೂ ಗಂಟೆ ಕೇಳಿದರೆ ಅವನ ಬಾಯಲ್ಲಿ ನೀರು ಬರುತ್ತಿತ್ತು. ಐತವಾರ ಆರಾಧನೆಯ ಗಂಟೆಗೆ ಎಲ್ಲರಿಗೂ ಭಕ್ತಿ ಬಂದರೆ ಅವನಿಗೆ ಹಸಿವು ಬರುತ್ತಿತ್ತು. ಅವನು ಪ್ರಸಂಗ ಮಾಡುವಾಗ ಹೊಟ್ಟೆ ಗುರುಗುಟ್ಟುವುದು ಗೋಡೆಯಾಚೆ ಕೂತ ನಿಂಬೆವ್ವನಿಗೂ ಕೇಳುತ್ತಿತ್ತು. ಪ್ರಸಂಗಕ್ಕಿಂತ ಅದೇ ಅವಳಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಅವನ ಸ್ಕೂಟರಿನ ಗುಣವೂ ಬೇರೆ. ಬೆಳಿಗ್ಗೆ ಅದನ್ನು ಯಾರಾದರೂ ನೂಕಬೇಕು. ನೂಕಿದವರಿಗೆ ಪಾದ್ರಿ ಆಶೀರ್ವಾದ ಮಾಡುತ್ತಿದ್ದ. ಊರಲ್ಲಿ ಅರ್ಧ ಮಂದಿಗೆ ಆ ಆಶೀರ್ವಾದ ಸಿಕ್ಕಿತ್ತು.

ಅವನು ಬಂದ ಕೆಲವು ದಿನಗಳಿಗೆ ಸಭೆಯ ಕಚೇರಿಯಿಂದ ಅನೀಲಕುಮಾರ ಎಂಬ ಇಸ್ತ್ರಿ ಅಂಗಿಯ ಸಾಹೇಬರು ಬಂದರು. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಲೂಥರನ್ ಸಭೆಗಳನ್ನೆಲ್ಲ ಮತ್ತೆ ಚಿಗುರಿಸಬೇಕೆಂದು ದೊಡ್ಡವರೆಲ್ಲ ಕೂತು ಒಂದು ಯೋಜನೆ ಮಾಡಿದ್ದರು. ಅದರ ಹೆಸರೇ ಹೊಸ ಚಿಗುರು, ಪಾದ್ರಿಯ ಸುರುಳಿಯಲ್ಲಿದ್ದ ಆಲದ ಮರವೇ ಅದರ ಗುರುತು. ಅದನ್ನು ಪ್ರೊಜೆಕ್ಟರಿನಿಂದ ಪರದೆಯ ಮೇಲೆ ತೋರಿಸಬೇಕಿತ್ತು. ಪರದೆ ತರುವುದು ಮರೆತಿದ್ದರು. ನಿಂಬೆವ್ವನ ಹಾಸಿಗೆಯ ಮೇಲುಹೊದಿಕೆ ಕೇಳಿ ಪಡೆದರು. ಅದರಲ್ಲಿ ಗುಲಾಬಿ ಹೂ ಅಚ್ಚು ಇದ್ದದ್ದರಿಂದ ಆಲದ ಮರದ ತುಂಬ ಗುಲಾಬಿ ಅರಳಿ, ನಾಲ್ಕು ಮನೆಯವರೂ ಬಹಳ ಚೆನ್ನಾಗಿದೆ ಎಂದರು.

ಮರ ಎಂದರೆ ಸಭೆ. ದಪ್ಪ ಕೊಂಬೆ ಅಫಜಲಪುರ. ಅದರ ತುದಿಯಲ್ಲಿ, ಈಗಲೋ ಆಗಲೋ ಉದುರುವ ಹಾಗೆ ಒಂದು ಹಳದಿ ಎಲೆ. ಅದು ಮಣ್ಣೂರು. ಮರ ಬೆಳೆಯಬೇಕಾದರೆ ಒಣಗಿದ್ದನ್ನು ಸವರಬೇಕು ಎಂದು ಅನೀಲಕುಮಾರ ಸಾಹೇಬರು ಬಹಳ ಸಮಾಧಾನದಿಂದ ತಿಳಿಸಿದರು. ಯುಗಾದಿ ಮುಗಿದ ಮೊದಲ ಐತವಾರ ಬಿಷಪ್ ಅವರೇ ಬರುತ್ತಾರೆ. ಗುಡಿಯಲ್ಲಿ ಜೀವ ಕಂಡರೆ ಸರಿ. ಕಾಣದಿದ್ದರೆ ಬಾಗಿಲಿಗೆ ಬೀಗ. ನಾಲ್ಕು ಮನೆಯವರು ಅಫಜಲಪುರಕ್ಕೆ ಹೋಗಿ ಪ್ರಾರ್ಥನೆ ಮಾಡುವುದು. ಗಂಟೆಯನ್ನು ಅಲ್ಲಿಯ ದೊಡ್ಡ ಚರ್ಚಿಗೆ ಒಯ್ಯುವುದು.

ಬಾಗಿಲಲ್ಲಿ ನಿಂತು ಇಣುಕುತ್ತಿದ್ದ ನಿಂಬೆವ್ವ ಗಂಟೆಯ ಮಾತು ಬಂದಾಗ ಮೇಲುಹೊದಿಕೆ ವಾಪಸು ಕೇಳಿದಳು. ಮರ ಅಲ್ಲಿಗೇ ಆರಿತು.

ಮರುದಿನ ಪಾದ್ರಿ ಮೆಟ್ಟಿಲ ಮೇಲೆ ಸೀದ ರೊಟ್ಟಿಯಂಥ ಮುಖ ಮಾಡಿಕೊಂಡು ಕೂತಿದ್ದ. ಆಡು ಪಕ್ಕದಲ್ಲೇ ಇತ್ತು, ಬಿಚ್ಚಿರಿ ಎನ್ನುವ ಕಸುವೂ ಅವನಿಗಿರಲಿಲ್ಲ. ದಶರಥಪ್ಪನ ಮೊಣಕಾಲು ಪ್ರತಿ ಐತವಾರ ಟಂಟಂ ಹತ್ತುವುದಿಲ್ಲ, ಹೋಗದಿದ್ದರೆ ಅವನ ಜೀವ ನಿಲ್ಲುವುದಿಲ್ಲ ಎಂದು ಹೇಳಿಕೊಂಡ. ನಿಂಬೆವ್ವ ತನ್ನ ಗುಳಿಗೆಯ ಮಾತು ಎತ್ತಲಿಲ್ಲ. ಆದರೆ ಅದೇ ಅವಳ ನಾಲಿಗೆಯ ತುದಿಯಲ್ಲಿತ್ತು.

ಆಮೇಲೆ ಪಾದ್ರಿ ಜೀವ ತುಂಬಲು ಹೊರಟ. ಗಿಟಾರ್ ತಂದು ಬಾರಿಸಿದ. ಓಣಿಯ ನಾಯಿಗಳು ಸೇರಿದವು. ಬಾಗಿಲಿಗೆ ಬಣ್ಣ ಹಚ್ಚಿದ. ದಶರಥ ಅದಕ್ಕೆ ಅಂಟಿಕೊಂಡ. ಕೊನೆಗೆ ಮನೆಮನೆಗೆ ಹೋಗಿ, ನೀವು ನಮ್ಮವರಾಗಬೇಕೆಂದೇನಿಲ್ಲ, ಊರವರಾಗಿ ಆ ದಿನ ಬಂದು ಕೂತರೆ ಸಾಕು ಎಂದು ಬೇಡಿಕೊಂಡ. ಎಲ್ಲರೂ ಬರ್ತೇವ್ರಿ ಎಂದರು. ಒಬ್ಬೊಬ್ಬರು ಚಹಾನೂ ಕೊಟ್ಟರು. ಪಾದ್ರಿ ಕುಣಿಯುತ್ತ ಬಂದು, ಊರಿಗೆ ಊರೇ ಬರುತ್ತದೆ ಎಂದ.

"ಯಾರೂ ಬರಂಗಿಲ್ಲ ಯಪ್ಪಾ," ಎಂದಳು ನಿಂಬೆವ್ವ. "ಬರ್ತೇವ್ರಿ ಅನ್ನೋದು ಬಾಯಿಮಾತು. ನೀ ಕರದೇ ಇಲ್ಲ."

"ಕರದೇನಲ್ರಿ ಆಯಿ. ಕೈ ಮುಗದು ಕರದೇನಿ."

"ಅದು ಕರಿಯೋದಲ್ಲ. ಅದು ಹೇಳೋದು."

ಮಣ್ಣೂರಿನಲ್ಲಿ ಕರೆಗೆ ಮೂರು ತೂಕವಿದೆ. ಹಾದಿಯಲ್ಲಿ ಸಿಕ್ಕಾಗ ಬರ್ರಿ ಎಂದರೆ ಅದು ಗಾಳಿ, ಹೋಗದಿದ್ದರೂ ನಡೆಯುತ್ತದೆ. ಹೊಸ್ತಿಲಿಗೆ ಬಂದು ಮನೆಗೊಬ್ಬರು ಬರ್ರಿ ಎಂದರೆ ಒಬ್ಬರು ಹೋಗಲೇಬೇಕು. ಮೂರನೆಯದು ಒಲಿ ಬಂದ್ ಕರೆ. ಕರೆ ಹೇಳುವವರು ಹೊಸ್ತಿಲ ಹೊರಗೇ ನಿಂತು, ತೊಟ್ಟಿಲ ಕೂಸಿನಿಂದ ಹಾಸಿಗೆ ಹಿಡಿದ ಮುದುಕರ ತನಕ ಮನೆಮಂದಿಯೆಲ್ಲ ಬರಬೇಕು, ನಾಳೆ ಒಲೆ ಹಚ್ಚಬ್ಯಾಡ್ರಿ ಎನ್ನುತ್ತಾರೆ. ಆ ಕರೆಗೆ ಹೋಗದಿದ್ದರೆ ಹಗೆ. ಹೋದವರಿಗೆ ಉಣಿಸದಿದ್ದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಕರೆದ ಬಾಯಿಗೆ ಮುಂದೆ ಊರಲ್ಲಿ ಬೆಲೆ ಇರುವುದಿಲ್ಲ.

ಇದನ್ನು ನಿಂಬೆವ್ವ ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ಉಸಿರಾಡುವುದು ಹೇಗೆ ಎಂದು ಯಾರಾದರೂ ಬಿಡಿಸಿ ಹೇಳುತ್ತಾರೆಯೇ? ಹಾಸ್ಟೆಲಿನ ಗಂಟೆಗೆ ಉಂಡು ಬೆಳೆದವನನ್ನು ಹುಟ್ಟಿದಾಗಿನಿಂದ ಯಾರೂ ಹೊಸ್ತಿಲಿಗೆ ಬಂದು ಊಟಕ್ಕೆ ಕರೆದೇ ಇರಲಿಲ್ಲ ಎಂಬುದು ಅವಳಿಗೆ ಹೇಗೆ ಹೊಳೆಯಬೇಕು?

"ಹಂಗಾದ್ರ ನೀವ ಕರದು ಬರ್ರಿ ಆಯಿ," ಎಂದ ಪಾದ್ರಿ. "ಒಬ್ಬರನ್ನೂ ಬಿಡಬ್ಯಾಡ್ರಿ. ಕೂಸು, ಮುದುಕರು, ಮನಿಮಂದಿ ಎಲ್ಲಾ ಬರಬೇಕು."

"ಎಲ್ಲಾರೂ? ವಿಚಾರ ಮಾಡು ಯಪ್ಪಾ. ಬಾಳ ಭಾರ ಆಗ್ತದ."

"ಭಾರ ನಂದು. ದೇವರು ನಡಸ್ತಾನ."

ಇಷ್ಟು ದೊಡ್ಡ ಮನಸ್ಸಿನ ಪಾದ್ರಿಯನ್ನು ನಿಂಬೆವ್ವ ನೋಡಿರಲಿಲ್ಲ. ಒಳಗೊಳಗೆ ಅವಳಿಗೆ ಇನ್ನೊಂದು ಸಂಗತಿಯೂ ತಾಗಿತ್ತು. ಗಂಡ ಹೋದ ಮೇಲೆ ಊರಿನ ಯಾವ ಮನೆಯವರೂ ಯಾವ ಕಾರ್ಯಕ್ಕೂ ಕರೆ ಹೇಳಲು ಅವಳನ್ನು ಕಳಿಸಿರಲಿಲ್ಲ. ಕುಂಕುಮವಿಲ್ಲದ ಹಣೆಯವಳು ಕರೆ ಒಯ್ಯಬಾರದೆಂದು ಊರಿನ ಲೆಕ್ಕ. ಈ ಹುಡುಗ ಆ ಲೆಕ್ಕ ತಿಳಿಯದೆ, ನೀವೇ ಕರೆಯಿರಿ ಎಂದುಬಿಟ್ಟ. ಅವಳು ಪೆಟ್ಟಿಗೆಯ ತಳದಿಂದ ಹಸಿರು ದಡಿಯ ಸೀರೆ ತೆಗೆದಳು. ಅದಕ್ಕೆ ಡಾಂಬರು ಗುಳಿಗೆಯ ವಾಸನೆ ಹೊಡೆಯುತ್ತಿತ್ತು. ವಾಸನೆಯ ಸಮೇತ ಉಟ್ಟು ಹೊರಟಳು.

ಶನಿವಾರ ಹಗಲೆಲ್ಲ ತಿರುಗಿದಳು. ಪ್ರತಿ ಹೊಸ್ತಿಲ ಹೊರಗೂ ನೆಟ್ಟಗೆ ನಿಂತು ಕರೆ ಹೇಳಿದಳು. ಊರಿನ ಯಾವ ಒಳ್ಳೆಯ ಕೆಲಸದಲ್ಲೂ ಕಲ್ಲು ಹುಡುಕುವ ಸೈದಪ್ಪ ಮಾತ್ರ ಬಾಗಿಲಿಗೆ ಅಡ್ಡ ನಿಂತು, ನಿನ್ನನ್ನು ಯಾರು ಕಳಿಸಿದರು ಎಂದು ಕೇಳಿದ. ಗಂಟೆ ಕಳಿಸಿತು ಎಂದಳು. ಊಟಕ್ಕೆ ಏನು ಎಂದ. ಒಲಿ ಬಂದ್ ಕರೆಗೆ ಏನು ಊಟ ಅಂತ ಕೇಳೋ ಗಂಡಸನ್ನ ಇವತ್ತೇ ನೋಡಿದೆ ಎಂದು ಮುಂದಿನ ಮನೆಗೆ ನಡೆದಳು.

ಐತವಾರ ಬೆಳಗಾಯಿತು. ಮಣ್ಣೂರಿನ ಒಂದು ಮಾಡಿನಿಂದಲೂ ಹೊಗೆ ಏಳಲಿಲ್ಲ. ಸೊನ್ನದ ಕಡೆಯಿಂದ ಟಂಟಂ ತಂದ ಗುಡುಸಾಬ, ಹೊಗೆಯಿಲ್ಲದ ಊರು ಕಂಡು, ಯಾರೋ ದೊಡ್ಡವರು ತೀರಿಕೊಂಡಿರಬೇಕೆಂದು ಊರ ಹೊರಗಿನಿಂದಲೇ ಮುಖ ಚಿಕ್ಕದು ಮಾಡಿಕೊಂಡು ಬಂದ. ವಿಷಯ ತಿಳಿದ ಮೇಲೆ ತಿರುಗಿ ಹೋಗಿ ಮನೆಮಂದಿಯನ್ನು ಹೇರಿಕೊಂಡು ಬಂದ.

ಗಂಟೆ ಹೊಡೆಯಿತು. ಊರು ಬಂತು. ಊಟಕ್ಕೆ ಹೋಗುವಾಗ ತಾಟು, ನೀರಿನ ಚೆರಿಗೆ ತಾವೇ ಒಯ್ಯುವುದು ರೂಢಿ. ಎಲ್ಲರ ಕಂಕುಳಲ್ಲೂ ಒಂದೊಂದು ತಾಟು. ಬೆಂಚು ತುಂಬಿತು, ನೆಲ ತುಂಬಿತು, ಕಿಟಕಿ ತುಂಬಿತು. ಸೈದಪ್ಪ, ತಾನು ಒಳಗೆ ಬರುವವನಲ್ಲ, ನೆರಳಿಗೆ ನಿಂತಿದ್ದೇನೆ ಎಂದು ಹೊರಗೆ ಸಾರಿದ. ಆಮೇಲೆ ನೆರಳು ಒಳಗೇ ಜಾಸ್ತಿ ಇದೆ ಎಂದು ಮೊದಲ ಸಾಲಿನಲ್ಲಿ ಕೂತ.

ಬಿಷಪ್ ಜೀಪಿನಿಂದ ಇಳಿದರು. ವಯಸ್ಸಾದವರು, ದಪ್ಪ ಕನ್ನಡಕ. ಗುಂಪು ಕಂಡು ಕನ್ನಡಕ ಒರೆಸಿದರು, ಮತ್ತೆ ನೋಡಿದರು, ಇನ್ನೊಮ್ಮೆ ಒರೆಸಿದರು. ಅನೀಲಕುಮಾರ ಸಾಹೇಬರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಪಾದ್ರಿಯ ಕಣ್ಣಲ್ಲಿ ನೀರೇ ಬಂತು. ಹಾಡು ಎತ್ತಿದಾಗ ಹೊಸಬರಿಗೆ ಪದ ಗೊತ್ತಿರಲಿಲ್ಲ. ಭಜನೆಯಂತೆ ತಾಟು ಬಾರಿಸಿ ತಾಳ ಕೊಟ್ಟರು. ಗೋಡೆಯ ಗಿಲಾವು ಎರಡು ಕಡೆ ಉದುರಿತು. ಅಷ್ಟು ಜೀವ ಆ ಗುಡಿ ಕಂಡಿರಲಿಲ್ಲ.

ನಿಂಬೆವ್ವ ಮಾತ್ರ ಹಿತ್ತಲಿಗೆ ಹೋಗಿ ಬಂದಳು. ಹಂಡೆ ಇಲ್ಲ. ಕಟ್ಟಿಗೆ ಇಲ್ಲ. ಅಡಿಗೆಯವರ ಸುಳಿವಿಲ್ಲ. ಬಿಷಪ್ ಪ್ರಸಂಗಕ್ಕೆ ಎದ್ದು ನಿಂತಾಗ ಪಾದ್ರಿಯನ್ನು ಬಾಗಿಲ ಸಂದಿಗೆ ಎಳೆದಳು.

"ಯಪ್ಪಾ, ಅಡಿಗಿ ಎಲ್ಲಿ ಮಾಡಸಾಕತ್ತಿ?"

"ಯಾವ ಅಡಿಗಿ?"

"ಇವರಿಗೆಲ್ಲಾ ಏನು ಹಾಕಾಂವ?"

ಪಾದ್ರಿ ಹೆಮ್ಮೆಯಿಂದ ಜುಬ್ಬಾದ ಜೇಬಿನಿಂದ ಎರಡು ಬಿಸ್ಕೀಟಿನ ಪುಡಿಕೆ ತೆಗೆದ. ಬಿಷಪ್ ಅವರಿಗೆ ಚಹಾದ ಜೊತೆ ಕೊಡಲಿಕ್ಕೆ ಎಂದ.

ನಿಂಬೆವ್ವ ಪುಡಿಕೆಗಳನ್ನು ಮತ್ತೆ ಅವನ ಜೇಬಿಗೇ ತುರುಕಿದಳು. ಮೂರು ಕರೆಯ ಲೆಕ್ಕವನ್ನು ಆಗ ಬಿಡಿಸಿ ಹೇಳಿದಳು. ಕೇಳುತ್ತ ಕೇಳುತ್ತ ಪಾದ್ರಿಯ ಬಣ್ಣ ಅವನ ಬಿಳಿ ಜುಬ್ಬಾದ ಬಣ್ಣಕ್ಕೆ ಬಂತು. ಒಳಗೆ ಊರಿಗೆ ಊರೇ ಹಸಿದು ಕೂತಿದೆ, ಊರಿನ ಒಲೆಗಳೆಲ್ಲ ತಣ್ಣಗಿವೆ. ಇವರು ಬೈಯುತ್ತ ಎದ್ದು ಹೋದರೆ ಗುಡಿಗೆ ಬೀಗ ಬೀಳುವುದಷ್ಟೇ ಅಲ್ಲ, ಕರೆ ಹೇಳಿದ ಮುದುಕಿ ನಾಳೆಯಿಂದ ತಲೆಯೆತ್ತಿ ತಿರುಗುವ ಹಾಗಿಲ್ಲ. ಅವನು ಸ್ಕೂಟರಿನ ಕೀಲಿ ತೆಗೆದ, ಅಫಜಲಪುರಕ್ಕೆ ಹೋಗಿ ಏನಾದರೂ ತರುತ್ತೇನೆ ಎಂದ. ಯಾರು ನೂಕುತ್ತಾರೆ ಎಂದು ಅವಳು ಕೇಳಿದಳು. ಕೀಲಿ ಒಳಗೆ ಹಾಕಿದ.

"ನೀ ಒಳಗ ಹೋಗು," ಎಂದಳು. "ನಾ ಬರೋ ತನಕ ಆ ಅಜ್ಜನ ಮಾತು ಮುಗಿಯಬಾರದು."

ಪಾದ್ರಿ ಎದುರಿಗೆ ನಿಂತು, ಇನ್ನೂ ಎಳೆಯಿರಿ ಎಂದು ಬಿಷಪ್ ಅವರಿಗೆ ಕೈಸನ್ನೆ ಮಾಡಿದ. ಬಿಷಪ್ ಒಂದು ಕ್ಷಣ ನಂಬಲಿಲ್ಲ. ಅವರ ಇಡೀ ಸೇವೆಯಲ್ಲಿ ಜನ ಅವರಿಗೆ ಸಾಕುಮಾಡಿ ಎಂಬ ಸನ್ನೆಯನ್ನೇ ಮಾಡಿದ್ದರು. ಅವರ ಮುಖ ಅರಳಿತು. ಐದು ರೊಟ್ಟಿಯಲ್ಲಿ ಸಾವಿರಾರು ಮಂದಿ ಉಂಡ ಕತೆಯನ್ನು ಮೊದಲಿನಿಂದ ಎತ್ತಿಕೊಂಡರು. ಹಸಿದ ಊರು ರೊಟ್ಟಿಯ ಮಾತು ಬಂದಾಗಲೆಲ್ಲ ನಿಟ್ಟುಸಿರು ಬಿಟ್ಟಿತು. ಬಿಷಪ್ ಅದನ್ನು ಭಕ್ತಿ ಎಂದು ತಿಳಿದು ಇನ್ನೂ ವಿವರಿಸಿದರು.

ನಿಂಬೆವ್ವ ಮನೆಗೆ ಹೋಗಿ ಗುಳಿಗೆ ನುಂಗಿದಳು. ಗುಳಿಗೆಯ ಡಬ್ಬಿ ಇದ್ದದ್ದು ರೊಟ್ಟಿ ಬುಟ್ಟಿಯ ಪಕ್ಕ. ಬುಟ್ಟಿಯಲ್ಲಿ ಕಟಕ ರೊಟ್ಟಿ, ತಿಂಗಳುಗಟ್ಟಲೆ ಕೆಡದಂತೆ ಒಣಗಿಸಿ ಒಟ್ಟಿದ ಜೋಳದ ರೊಟ್ಟಿ. ಒಲೆ ಬೇಕಿಲ್ಲ, ಬಿಸಿ ಬೇಕಿಲ್ಲ. ಅಂಥ ಬುಟ್ಟಿ ಇಲ್ಲದ ಮನೆ ಮಣ್ಣೂರಿನಲ್ಲಿ ಇಲ್ಲ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಆ ಖಾರದ ಚಟ್ನಿಪುಡಿ, ಇಲ್ಲದ ಮನೆಯೂ ಇಲ್ಲ. ಅವಳು ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ನೆಟ್ಟಗೆ ಗುಡಿಯ ನಡುವಿಗೆ ಬಂದಳು. ಬಿಷಪ್ ಮಾತು ನಿಲ್ಲಿಸಿದರು. ರೊಟ್ಟಿಯ ಕತೆ ಹೇಳುವಾಗ ರೊಟ್ಟಿ ನಡೆದು ಬಂದದ್ದು ಅವರಿಗೂ ಅದೇ ಮೊದಲು.

ನಿಂಬೆವ್ವ ಸುತ್ತಿ ಬಳಸದೆ ಹೇಳಿದಳು. ಈ ಹುಡುಗ ಹಾಸ್ಟೆಲಿನಲ್ಲಿ ಬೆಳೆದವನು, ಕರೆಯ ತೂಕ ಅವನಿಗೆ ಗೊತ್ತಿಲ್ಲ. ತಾನು ಕೇಳಬೇಕಿತ್ತು, ಕೇಳಲಿಲ್ಲ. ಅಡಿಗೆ ಆಗಿಲ್ಲ. ಆದರೆ ಒಲೆ ಹಚ್ಚಬೇಡಿ ಎಂದದ್ದು ತನ್ನ ಮಾತು, ಆ ಮಾತು ಬೀಳುವುದಿಲ್ಲ. ಯಾರೂ ಒಲೆ ಹಚ್ಚುವುದು ಬೇಡ. ಮನೆಯಲ್ಲಿ ಕಟಕ ರೊಟ್ಟಿ, ಹಿಂಡಿ, ಮೊಸರು ಏನಿದೆಯೋ ತರಲಿ.

ಸೈದಪ್ಪ ತಾಟು ಕೆಳಗಿಟ್ಟು ಎದ್ದ.

"ಅಂದ್ರ ನನ್ನ ರೊಟ್ಟಿ ನನಗ ಉಣ್ಣಾಕ ನೀ ನನ್ನ ಕರದಿ ಏನ ಬೇ?"

ಎಲ್ಲರೂ ನಿಂಬೆವ್ವನನ್ನು ನೋಡಿದರು. ದಶರಥ ಗಂಟೆಯ ಹಗ್ಗವನ್ನು, ಇದೇ ಕೊನೆ ಎಂಬಂತೆ ಹಿಡಿದುಕೊಂಡ. ಪಾದ್ರಿ ಕಣ್ಣು ಮುಚ್ಚಿದ. ನಿಂಬೆವ್ವ ಬುಟ್ಟಿಯನ್ನು ಸೈದಪ್ಪನ ಮುಂದೆ ಇಳಿಸಿದಳು.

"ನಿನ್ನ ರೊಟ್ಟಿ ನೀ ಯಾಕ ತಿಂತಿ? ನಂದು ತಿನ್ನು. ನಿಂದು ಬಾಜೂ ಮನಿಯವರು ತಿಂತಾರ. ತಾ ತಂದದ್ದು ತಾ ಯಾರೂ ಮುಟ್ಟಬಾರದು. ಎಲ್ಲಾರೂ ಇವತ್ತು ಬೀಗರು."

ಸೈದಪ್ಪನಿಗೆ ಲಗ್ನವಾದಾಗಿನಿಂದ ಒಂದು ಕಷ್ಟವಿತ್ತು, ಅದು ಊರಿಗೆಲ್ಲ ಗೊತ್ತಿತ್ತು: ಅವನ ಹೆಂಡತಿಯ ರೊಟ್ಟಿಯಿಂದ ಅವನ ಎರಡು ಹಲ್ಲು ಹೋಗಿದ್ದವು. ಅವನು ಬುಟ್ಟಿಯನ್ನು ನೋಡಿದ. ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡ. ಕಟುಂ ಎಂದಿತು, ಕರಗಿತು. ಮುಖ ಗಂಟು ಹಾಕಿಕೊಂಡೇ ಕೂತ, ತಾಟು ಮುಂದೆ ಸರಿಸಿದ.

"ನನ್ನ ಮನೀದು ಯಾರಿಗೆ ಹೋಗ್ತದೋ, ಅವರ ಹಲ್ಲಿಗೆ ನಾ ಜವಾಬ್ದಾರ ಅಲ್ಲ," ಎಂದ.

ಗುಡಿಯ ಸೂರು ಹಾರುವಂತೆ ಜನ ನಕ್ಕರು. ಅವನ ಹೆಂಡತಿಯೂ ನಕ್ಕಳು, ಆಮೇಲೆ ನೆನಪಾಗಿ ಅವನ ಬೆನ್ನಿಗೊಂದು ಗುದ್ದಿದಳು. ಹೆಂಗಸರು ಎದ್ದರು. ಬುಟ್ಟಿಗಳು ಬಂದವು, ಹಿಂಡಿಯ ಡಬ್ಬಿಗಳು ಬಂದವು, ಗಡಿಗೆ ಮೊಸರು, ಹಸಿ ಉಳ್ಳಾಗಡ್ಡಿ, ಎಲ್ಲಿಂದಲೋ ಒಂದು ಬೆಲ್ಲದ ಪೆಂಟೆ. ವರ್ಷಗಟ್ಟಲೆ ಗೋಡೆಯಾಚೆಯಿಂದ ವಾಸನೆ ಮಾತ್ರ ಕಂಡಿದ್ದ ಹಿಂಡಿಯನ್ನು ಜನ ಮೊದಲ ಸಲ ನಾಲಿಗೆಯ ಮೇಲಿಟ್ಟುಕೊಂಡರು. ಯಾರದು ರುಚಿ ಎಂಬ ಬಗ್ಗೆ ಎರಡು ಕಡೆ ಜಗಳವೂ ಆಯಿತು. ಒಲಿ ಬಂದ್ ಮಾತು ಮನೆಗಳಿಗೆ ಮಾತ್ರ, ಗುಡಿಗಲ್ಲ ಎಂದು ದಶರಥ ತೀರ್ಪು ಕೊಟ್ಟದ್ದರಿಂದ ಅಂಗಳದಲ್ಲಿ ಮೂರು ಕಲ್ಲು ಹೂಡಿ ಬೇಳೆಸಾರಿಗೆ ಇಟ್ಟರು. ಬಿಷಪ್ ಅಂಗಿಯ ತೋಳು ಮಡಚಿ ಸೌಟು ಹಿಡಿದರು. ಅವರ ಕನ್ನಡಕ ಸಾರಿನಲ್ಲಿ ಬಿತ್ತು. ತೊಳೆದು ಹಾಕಿಕೊಂಡರು, ಸಂಜೆಯ ತನಕ ಅವರಿಗೆ ಎಲ್ಲವೂ ಸ್ವಲ್ಪ ಹಳದಿಯಾಗಿಯೇ ಕಂಡಿತು.

ಈ ಗದ್ದಲದಲ್ಲಿ ಕರಿಯನ್ನು ಯಾರೂ ನೋಡಿರಲಿಲ್ಲ. ಅನೀಲಕುಮಾರ ಸಾಹೇಬರು ಹೊಸ ಚಿಗುರಿನ ಬಟ್ಟೆಯನ್ನು ಅದೇ ಕಂಬಕ್ಕೆ ಕಟ್ಟಿಸಿದ್ದರು. ಆಡು ಮರದ ಬಲಗಡೆಯಿಂದ ಶುರು ಮಾಡಿ ಅಫಜಲಪುರದ ದಪ್ಪ ಕೊಂಬೆಯನ್ನು ಪೂರಾ ತಿಂದಿತ್ತು. ಮಣ್ಣೂರಿನ ಹಳದಿ ಎಲೆ ಮಾತ್ರ ಉಳಿದಿತ್ತು. ಬಹುಶಃ ಬಣ್ಣ ರುಚಿಸಲಿಲ್ಲ.

ಸಾಹೇಬರು ಹರಿದ ಬಟ್ಟೆ ಹಿಡಿದು ಬಿಷಪ್ ಅವರ ಬಳಿ ಹೋದರು. ಈ ಮಂದಿ ಯಾರೂ ಸಭೆಯವರಲ್ಲ, ಊಟಕ್ಕೆ ಬಂದವರು, ಇದನ್ನು ಜೀವ ಎಂದು ಬರೆಯಲು ಬರುವುದಿಲ್ಲ ಎಂದರು. ಬಿಷಪ್ ರೊಟ್ಟಿ ಮುರಿಯುತ್ತಿದ್ದರು. ಯಾರ ಮನೆಯದೋ, ಮುರಿಯುತ್ತಿರಲಿಲ್ಲ. ಸೈದಪ್ಪನ ಮನೆಯದೇ ಇರಬೇಕು.

"ಹಸದು ಬಂದು ಬಾಜೂದವಂಗ ಉಣಸಿ ಹೋದ್ರಲ್ರಿ," ಎಂದರು ಅವರು. "ಇದಕ್ಕೂ ಬೀಗ ಹಾಕಿದ್ರ, ಬಾಗಲಾ ಮತ್ತ ಯಾತಕ್ಕ ಇಡೋಣು?"

ಬೀಗ ಬೀಳಲಿಲ್ಲ. ಗಂಟೆ ಅಲ್ಲೇ ಉಳಿಯಿತು. ನಾಲ್ಕು ಮನೆ ನಾಲ್ಕೇ ಉಳಿದವು, ಊರಿನವರು ಊರಿನವರಾಗಿಯೇ ಉಳಿದರು. ಆದರೆ ತಿಂಗಳಿಗೊಂದು ಐತವಾರ ಆರಾಧನೆ ಮುಗಿದ ಮೇಲೆ ಬುಟ್ಟಿಗಳು ಗುಡಿಯಂಗಳಕ್ಕೆ ಬರುವುದು ನಿಲ್ಲಲಿಲ್ಲ. ಬಂದವರು ಉದುರಿದ ಗಿಲಾವನ್ನು ಬಳಿದರು, ಮಾಡಿನ ತಗಡು ಸರಿಮಾಡಿದರು. ದಶರಥನ ಮೊಮ್ಮಕ್ಕಳು ಹರೆಯದ ಹುಡುಗರನ್ನು ಕೂಡಿಸಿಕೊಂಡು ತಾಟಿನ ತಾಳಕ್ಕೆ ಒಂದು ಹಾಡಿನ ಮೇಳವನ್ನೇ ಕಟ್ಟಿದರು. ಎಲ್ಲಕ್ಕಿಂತ ದೊಡ್ಡದು, ಆ ದಿನಗಳ ಕರೆ ಹೇಳುವುದು ನಿಂಬೆವ್ವನ ಪಾಲಿಗೆ ಬಂತು. ಆಮೇಲೆ ಊರಿನ ಒಂದೆರಡು ಮನೆಯವರು ತಮ್ಮ ಕೂಸಿನ ಹೆಸರಿಡುವ ಕಾರ್ಯಕ್ಕೂ ಕರೆ ಹೇಳಲು ಅವಳನ್ನೇ ಕಳಿಸಿದರು. ಹಸಿರು ದಡಿಯ ಸೀರೆಯ ಡಾಂಬರು ಗುಳಿಗೆಯ ವಾಸನೆ ಹೋಯಿತು.

ಆ ಐತವಾರ ಎಲ್ಲರೂ ಉಂಡು ಎದ್ದ ಮೇಲೆ ಪಾದ್ರಿ ಒಬ್ಬನೇ ಕಂಬಕ್ಕೆ ಒರಗಿ ಬಿಸ್ಕೀಟು ತಿನ್ನುತ್ತಿದ್ದುದನ್ನು ನಿಂಬೆವ್ವ ಕಂಡಿದ್ದಳು. ಯಾಕೆಂದು ಕೇಳಿದಾಗ, ನನ್ನನ್ನು ಯಾರೂ ಕರೆಯಲಿಲ್ಲವಲ್ಲ ಎಂದ. ಚೇಷ್ಟೆಗೆ ಅಂದನೋ ನಿಜಕ್ಕೆ ಅಂದನೋ ತಿಳಿಯಲಿಲ್ಲ. ಮರುವಾರ ಅವಳು ಅವನ ಕೋಣೆಯ ಹೊಸ್ತಿಲ ಹೊರಗೆ ನೆಟ್ಟಗೆ ನಿಂತು, ಮನೆಮಂದಿಯೆಲ್ಲ ಬರಬೇಕು, ನಾಳೆ ಒಲೆ ಹಚ್ಚಬಾರದು ಎಂದು ಒಂಟಿ ಹುಡುಗನಿಗೆ ಪೂರ್ತಿ ಕರೆ ಹೇಳಿದಳು. ಅವನು ಗ್ಯಾಸಿನ ಒಲೆಯ ಗುಂಡಿ ಬಂದ್ ಆಗಿರುವುದನ್ನು ಎರಡೆರಡು ಸಲ ನೋಡಿಕೊಂಡು, ಸ್ನಾನ ಮಾಡಿ, ಬಿಳಿ ಜುಬ್ಬಾ ತೊಟ್ಟು, ಕಂಕುಳಲ್ಲಿ ತಾಟು ಇಟ್ಟುಕೊಂಡು ಬಂದ. ಗಂಟೆ ಹೊಡೆಯುವ ಮೊದಲೇ ಅವನಿಗೆ ಹಸಿವಾದದ್ದು ಅಂದೇ ಮೊದಲಂತೆ.

ಅನೀಲಕುಮಾರ ಸಾಹೇಬರು ಸೋತವರಲ್ಲ. ಮಣ್ಣೂರಿನ ಪದ್ಧತಿ ಎಂದು ಕಚೇರಿಯಲ್ಲಿ ಅದನ್ನೇ ತಮ್ಮ ಹೊಸ ಚಿಗುರು ಮಾಡಿಕೊಂಡರು. ಜನ ಕೂಡಿಸುವ ವರ ಸುಧೀರ ಪಾದ್ರಿಗೆ ಇದೆ ಎಂದು ಸುದ್ದಿಯಾಯಿತು. ಜೇವರ್ಗಿಯ ಕಡೆ ಒಂದು ಗುಡಿ ಇನ್ನೂ ಬರಿದಾಗಿತ್ತು, ಅಲ್ಲಿಗೆ ಹೋಗೆಂದು ಅಪ್ಪಣೆ ಬಂತು. ಪಾದ್ರಿ ಗಾಬರಿಯಾದ. ತನಗೆ ಯಾವ ವರವೂ ಇಲ್ಲ, ತಾನು ಎರಡು ಪುಡಿಕೆ ಬಿಸ್ಕೀಟು ತಂದವನು ಎಂದು ಎಷ್ಟು ಹೇಳಿದರೂ ಅದನ್ನು ವಿನಯ ಎಂದರು. ಅಲ್ಲಿಯ ಜನರ ಕರೆ ಹೇಗಿರುತ್ತದೋ ಎಂದು ನಿಂಬೆವ್ವನನ್ನು ಕೇಳಿದ. ಮೊದಲು ಒಬ್ಬ ಮುದುಕಿಯನ್ನು ಹುಡುಕು, ಎಲ್ಲವನ್ನೂ ಬಿಡಿಸಿ ಕೇಳು ಎಂದಳು.

ಹೋಗುವ ದಿನ ಗುಡುಸಾಬನ ಟಂಟಂ ನೆತ್ತಿಯ ಮೇಲೆ ಸ್ಕೂಟರ್ ಮತ್ತೆ ಮಲಗಿತು. ಅದನ್ನು ನೂಕಿದ್ದವರೆಲ್ಲ ಬಂದಿದ್ದರು. ದಶರಥ ಗಂಟೆಯ ಹಗ್ಗದ ಹಳೆಯ ತುಂಡೊಂದನ್ನು ನೆನಪಿಗೆಂದು ಕೊಟ್ಟ. ಸೈದಪ್ಪ ಹಾದಿಗೆಂದು ರೊಟ್ಟಿ ಕಟ್ಟಿಸಿ ತಂದು, ಹೆದರಬ್ಯಾಡ್ರಿ, ನಿಂಬೆವ್ವನ ಮನೀದು ಎಂದ. ನಿಂಬೆವ್ವ ಏನೂ ತಂದಿರಲಿಲ್ಲ. ಕರಿಯನ್ನು ಕಂಬದಿಂದ ಬಿಚ್ಚಿ, ಹಗ್ಗ ಕೈಯಲ್ಲಿ ಹಿಡಿದು ದೂರ ನಿಂತಿದ್ದಳು. ಹೋಗುವ ಹುಡುಗ ಇದೊಂದು ಸಲವಾದರೂ ಅಂಗಳವನ್ನು ತನ್ನ ಮನಸ್ಸಿನಂತೆ ಕಾಣಲಿ ಎಂದು.

ಪಾದ್ರಿ ಹತ್ತಿದವನು ಖಾಲಿ ಕಂಬವನ್ನು ನೋಡಿದ. ಇಳಿದು ಬಂದ. ಕರೆ ಹೇಳುವವರು ನಿಲ್ಲುವಂತೆ ಅವಳ ಮನೆಯ ಹೊಸ್ತಿಲ ಹೊರಗೆ ನೆಟ್ಟಗೆ ನಿಂತ.

"ಆಯಿ, ಕರಿನ್ನ ಕಂಬಕ್ಕ ಕಟ್ಟೋದು ಬಿಡಬ್ಯಾಡ್ರಿ," ಎಂದ. "ಹೊಸ ಪಾದ್ರಿ ಬಿಚ್ಚರಿ ಅಂದ್ರೂ ಬಿಚ್ಚಬ್ಯಾಡ್ರಿ. ಅದನ್ನ ಹೇಳಾಕಾದ್ರೂ ಅಂವ ನಿಮ್ಮ ಬಾಗಲಿಗೆ ಬರ್ಲಿ."